ಹಿಂದಿನ ಅಚ್ಚಿನ ಲೆಕ್ಕಾಚಾರ

ಮೋಟಾರು ಗಾಡಿಯನ್ನು ಹೊಗಳುವವರು ಅದರ ಎಂಜಿನನ್ನು ಹೊಗಳುತ್ತಾರೆ. ತೆಗಳುವವರೂ ಎಂಜಿನನ್ನೇ ತೆಗಳುತ್ತಾರೆ. ಹಿಂದಿನ ಎರಡು ಚಕ್ರಗಳ ನಡುವೆ, ಧೂಳು ಕೆಸರುಗಳನ್ನು ಮೆತ್ತಿಕೊಂಡು, ಎಣ್ಣೆಯಲ್ಲಿ ಮುಳುಗಿ ದುಡಿಯುವ ಕಬ್ಬಿಣದ ಗುಡಾಣವೊಂದನ್ನು ನೆನೆಯುವವರು ವಿರಳ. ಅದರ ಹೆಸರು ಡಿಫರೆನ್ಷಿಯಲ್. ಹಳೆಯ ಡೀಸೆಲ್ ಗಾಡಿಯ ಗುಣಾವಗುಣಗಳಲ್ಲಿ ಅರ್ಧದಷ್ಟು ಈ ಗುಡಾಣದೊಳಗೇ ಅಡಗಿದೆಯೆಂದು ನಾನು ಹೇಳಿದರೆ ವಾಚಕರು ಅತಿಶಯೋಕ್ತಿಯೆಂದು ಭಾವಿಸಬಾರದು.

ನಮ್ಮ ಎತ್ತಿನ ಗಾಡಿಗೆ ಇದರ ಗೊಡವೆಯಿಲ್ಲ. ಅಲ್ಲಿ ಅಚ್ಚು ನಿಂತಿರುತ್ತದೆ, ಚಕ್ರಗಳು ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಿ, ಒಳಗಿನದು ಕಡಿಮೆ ಸುತ್ತಿದರೂ ಯಾರಿಗೂ ತೊಂದರೆಯಿಲ್ಲ. ಮೋಟಾರಿನಲ್ಲಿಯಾದರೋ ಅಚ್ಚೇ ಚಕ್ರವನ್ನು ನೂಕಬೇಕು. ಎರಡು ಚಕ್ರಗಳಿಗೂ ಬಲವನ್ನು ಹಂಚಿ, ತಿರುವಿನಲ್ಲಿ ಅವುಗಳ ವೇಗಕ್ಕೆ ಸ್ವಾತಂತ್ರ್ಯವನ್ನೂ ಕೊಡುವುದು ಡಿಫರೆನ್ಷಿಯಲ್‌ನ ಒಂದು ಧರ್ಮ. ಎಂಜಿನಿನ ಸುತ್ತುಗಳನ್ನು ತಗ್ಗಿಸಿ, ಅದರ ತಿರುಚುಬಲವನ್ನು ಹೆಚ್ಚಿಸಿ ಚಕ್ರಕ್ಕೆ ಒಪ್ಪಿಸುವುದು ಇನ್ನೊಂದು. ನಾನು ಇಲ್ಲಿ ಹೇಳಹೊರಟಿರುವುದು ಈ ಎರಡನೆಯ ಧರ್ಮದ ವಿಷಯ.

ಗುಡಾಣದೊಳಗೆ ಒಂದು ಚಿಕ್ಕ ಪಿನಿಯನ್, ಒಂದು ದೊಡ್ಡ ಕಿರೀಟಚಕ್ರ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುತ್ತವೆ. ಕಿರೀಟಚಕ್ರಕ್ಕೆ 48 ಹಲ್ಲು, ಪಿನಿಯನ್ನಿಗೆ 13 ಹಲ್ಲು ಇದ್ದರೆ ಅನುಪಾತವು 3.69. ಅಂದರೆ ಹಿಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಷಾಫ್ಟು 3.69 ಸುತ್ತು ತಿರುಗಬೇಕು. ಲೆಕ್ಕ ಸರಿಯಾಗಿ ನಾಲ್ಕಕ್ಕೋ ಮೂರಕ್ಕೋ ಏಕೆ ಬರುವುದಿಲ್ಲವೆಂದು ಕೇಳಬಹುದು. 48 ಮತ್ತು 13ಕ್ಕೆ ಸಾಮಾನ್ಯ ಭಾಜಕವಿಲ್ಲ. ಆದಕಾರಣ ಒಂದು ಚಕ್ರದ ಪ್ರತಿಯೊಂದು ಹಲ್ಲೂ ಇನ್ನೊಂದರ ಪ್ರತಿಯೊಂದು ಹಲ್ಲನ್ನೂ ಸರದಿಯಂತೆ ಸಂಧಿಸುತ್ತದೆ. ಸವೆತವು ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಜರ್ಮನಿಯ ಮರ್ಸಿಡಿಸ್ ಬೆಂಜ್ ಸಂಸ್ಥೆಯವರು 1976ರಲ್ಲಿ ಹೊರತಂದ, ಕಾರ್ಖಾನೆಯ ಭಾಷೆಯಲ್ಲಿ ‘ಡಬ್ಲ್ಯು 123’ ಎನ್ನಿಸಿಕೊಂಡ ಗಾಡಿಗಳು ಈ ವಿಷಯಕ್ಕೆ ಒಳ್ಳೆಯ ನಿದರ್ಶನ. ಸುಮಾರು ಹತ್ತು ವರ್ಷಗಳಲ್ಲಿ ಹತ್ತಿರ ಹತ್ತಿರ 27 ಲಕ್ಷ ಗಾಡಿಗಳು ತಯಾರಾದವು. ಜರ್ಮನಿಯ ಪೇಟೆಗಳಲ್ಲಿಯೂ ಮೊರಾಕ್ಕೊ ದೇಶದ ಊರೂರುಗಳ ನಡುವೆಯೂ ಅವು ಬಾಡಿಗೆ ಕಾರುಗಳಾಗಿ ದಶಕಗಟ್ಟಲೆ ದುಡಿದವು. ಅವುಗಳಲ್ಲಿ 240ಡಿ ಎಂಬುದು 2.4 ಲೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಗಾಡಿ. ಅದರ ಆಯುಷ್ಯ ದೀರ್ಘ, ಶಕ್ತಿ ಅಲ್ಪ: ಮೊದಲಿಗೆ 65 ಅಶ್ವಶಕ್ತಿ, ಅನಂತರ 72. ಇಷ್ಟು ಕಡಿಮೆ ಶಕ್ತಿಯಿಂದ ಭಾರವಾದ ಗಾಡಿಯನ್ನು ಎಳೆಸಬೇಕಾದುದರಿಂದ ಅದಕ್ಕೆ 3.69ರ ಅನುಪಾತವನ್ನಿಟ್ಟರು. ಐದು ಸಿಲಿಂಡರಿನ 300ಡಿ ಗಾಡಿಗೆ 3.46, ಅಮೆರಿಕದಲ್ಲಿ ಬಂದ ಟರ್ಬೊ ಗಾಡಿಗಳಲ್ಲಿ ಹಲವಕ್ಕೆ 3.07. ಶಕ್ತಿ ಹೆಚ್ಚಿದಂತೆ ಅನುಪಾತ ಇಳಿಯಿತು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಕನ್ನಡ ಮಿತ್ರರೊಬ್ಬರ ಬಳಿ ಇಂಥ ಒಂದು 240ಡಿ ಇದೆ. ಹೆದ್ದಾರಿಯಲ್ಲಿ ಅದರ ಎಂಜಿನಿನ ಗದ್ದಲ ಸಹಿಸಲಾಗದೆಂದೂ, ಗುಜರಿ ಅಂಗಳದಲ್ಲಿ 3.07ರ ಡಿಫರೆನ್ಷಿಯಲ್ ಸಿಕ್ಕುತ್ತದೆಂದೂ, ಹಾಕಿಸಲೇ ಎಂದೂ ಕೇಳಿ ಬರೆದರು. ನಾನು ಲೆಕ್ಕ ಹಾಕಿದೆ. ಆ ಗಾಡಿಯ ಟೈರು ಒಂದು ಸುತ್ತಿಗೆ ಸುಮಾರು 1.92 ಮೀಟರು ಮುಂದೆ ಸಾಗುತ್ತದೆ. ಗಂಟೆಗೆ 100 ಕಿಲೋಮೀಟರಿನ ವೇಗದಲ್ಲಿ ಚಕ್ರ ನಿಮಿಷಕ್ಕೆ 868 ಸುತ್ತು ಬರುತ್ತದೆ. ಕೊನೆಯ ಗಿಯರಿನಲ್ಲಿ ಗಿಯರುಪೆಟ್ಟಿಗೆ ಸುತ್ತುಗಳನ್ನು ಬದಲಿಸುವುದಿಲ್ಲ. ಆದುದರಿಂದ 3.69ರಲ್ಲಿ ಎಂಜಿನು ನಿಮಿಷಕ್ಕೆ ಸುಮಾರು 3200 ಸುತ್ತು, 3.46ರಲ್ಲಿ 3000, 3.07ರಲ್ಲಿ 2665 ಸುತ್ತು ತಿರುಗುತ್ತದೆ. ಗದ್ದಲ ತಗ್ಗುವುದು ನಿಜ. ಆದರೆ ಚಕ್ರಕ್ಕೆ ಮುಟ್ಟುವ ತಿರುಚುಬಲವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ: 3.46ರಲ್ಲಿ ನೂರಕ್ಕೆ ಆರು, 3.07ರಲ್ಲಿ ನೂರಕ್ಕೆ ಹದಿನೇಳು. ಹೆದ್ದಾರಿಯ ಏರಿನಲ್ಲಿ, ಹಿಂದೆ ಭಾರಿ ಲಾರಿ ಹತ್ತಿರವಾಗುತ್ತಿರುವಾಗ, ಈ ಹದಿನೇಳು ಕೇವಲ ಅಂಕಿಯಾಗಿ ಉಳಿಯುವುದಿಲ್ಲ.

ಇರುವುದೇನೆಂದು ತಿಳಿಯದೆ ಬದಲಿಸಹೋಗುವುದು ಜಾಣತನವಲ್ಲ. ಅನುಪಾತದ ಅಂಕಿಯನ್ನು ಗುಡಾಣದ ಮೇಲೆಯೇ ಅಚ್ಚೊತ್ತಿರುತ್ತಾರೆ. ತಂತಿಯ ಕುಂಚದಿಂದ ಕೊಳೆಯನ್ನು ಉಜ್ಜಿದರೆ ಕಾಣಿಸುತ್ತದೆ. ಆದರೆ ನಾಲ್ವತ್ತು ವರ್ಷದ ಗಾಡಿಯ ಒಳಭಾಗಗಳನ್ನು ಯಾರು ಯಾವಾಗ ಬದಲಿಸಿದರೋ ಬಲ್ಲವರಿಲ್ಲ. ಆದುದರಿಂದ ಎಣಿಸಿ ನೋಡುವುದು ಲೇಸು. ಸಮತಟ್ಟಾದ ನೆಲದಲ್ಲಿ ಮುಂದಿನ ಚಕ್ರಗಳಿಗೂ ಹಿಂದಿನ ಒಂದು ಚಕ್ರಕ್ಕೂ ಭದ್ರವಾಗಿ ಆನಿಕೆ ಕೊಟ್ಟು, ಇನ್ನೊಂದನ್ನು ಮಾತ್ರ ಎತ್ತಿ ಆಧಾರದ ಮೇಲೆ ನಿಲ್ಲಿಸಬೇಕು. ಗಿಯರು ನ್ಯೂಟ್ರಲ್‌ನಲ್ಲಿರಲಿ, ಕೈಬ್ರೇಕು ಸಡಿಲವಾಗಿರಲಿ. ಒಂದು ಚಕ್ರ ನಿಂತಿರುವಾಗ ಇನ್ನೊಂದು ಎರಡು ಸುತ್ತು ಬಂದರೆ ಕಿರೀಟಚಕ್ರ ಒಂದೇ ಸುತ್ತು ಬರುತ್ತದೆ. ಇದು ಡಿಫರೆನ್ಷಿಯಲ್‌ನ ನಿಯಮ. ಆದಕಾರಣ ಎತ್ತಿದ ಚಕ್ರವನ್ನು ಇಪ್ಪತ್ತು ಸುತ್ತು ತಿರುಗಿಸಿ, ಸೀಮೆಸುಣ್ಣದ ಗುರುತು ಹಾಕಿದ ಪ್ರೊಪೆಲ್ಲರ್ ಷಾಫ್ಟಿನ ಸುತ್ತುಗಳನ್ನು ಎಣಿಸಿ ಹತ್ತರಿಂದ ಭಾಗಿಸತಕ್ಕದ್ದು. ಸುಮಾರು 37 ಬಂದರೆ 3.69, ಮೂವತ್ತನಾಲ್ಕೂವರೆ ಬಂದರೆ 3.46, 31ಕ್ಕೆ ತುಸು ಕಡಿಮೆಯಾದರೆ 3.07.

ಬದಲಿಸುವಾಗ ಹಲ್ಲುಚಕ್ರಗಳನ್ನು ಮಾತ್ರ ಬಿಚ್ಚಿ ತರುವುದು ಸಲ್ಲದು. ಪಿನಿಯನ್ನಿಗೂ ಕಿರೀಟಚಕ್ರಕ್ಕೂ ಇರುವ ಹೊಂದಾಣಿಕೆ ಕೂದಲೆಳೆಯಷ್ಟು ಸೂಕ್ಷ್ಮವಾದುದು. ಅದು ಕೆಟ್ಟರೆ ಗಾಡಿ ಊಳಿಡುತ್ತದೆ. ಗುಡಾಣವನ್ನು ಇಡಿಯಾಗಿಯೇ ಬದಲಿಸಬೇಕು. ಅದರ ಗಾತ್ರ, ಬೋಲ್ಟುಗಳ ಸ್ಥಾನ ಹೊಂದುತ್ತವೆಯೇ ಎಂದು ಮೊದಲೇ ಅಳೆಯಬೇಕು. ಎಣ್ಣೆಯನ್ನು ಇಳಿಸುವ ಮುನ್ನ ತುಂಬುವ ಬಿರಟೆ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಬೇಕು. ಇಳಿಸಿದ ಮೇಲೆ ಅದು ಕಚ್ಚಿಕೊಂಡಿದ್ದರೆ ಗಾಡಿ ಅಲ್ಲಿಯೇ ನಿಲ್ಲಬೇಕಾದೀತು. ಅನಂತರ ಹಿಂಬದಿಯ ಮುಚ್ಚಳವನ್ನು ತೆಗೆದು, ಅಚ್ಚುಗಳ ಒಳತುದಿಯನ್ನು ಹಿಡಿದಿರುವ ಉಕ್ಕಿನ ಬಳೆಗಳನ್ನು ಕಳಚಿದರೆ ಅಚ್ಚುಗಳು ಬಿಡಿಸಿಕೊಳ್ಳುತ್ತವೆ. ಮತ್ತೆ ಜೋಡಿಸುವಾಗ ಬಳೆಗಳು ಕಾಡಿಯಲ್ಲಿ ಬಿಗಿಯಾಗಿ ಕೂಡಬೇಕು. ಹೈಪಾಯ್ಡ್ ಗಿಯರಿಗೆ ತಕ್ಕ ಎಣ್ಣೆಯನ್ನೇ ತುಂಬಬೇಕು. ಈ ಗುಡಾಣ ಒಬ್ಬನ ಕೈಗೆ ಒಗ್ಗುವ ಭಾರವಲ್ಲ. ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಮಲಗುವುದು ಪ್ರಾಣವನ್ನು ಪಣಕ್ಕೊಡ್ಡಿದಂತೆ.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಈ ಗಾಡಿಯ ವೇಗಮಾಪಕವು ಗಿಯರುಪೆಟ್ಟಿಗೆಯಿಂದ ಸುತ್ತುಗಳನ್ನು ಪಡೆಯುತ್ತದೆ. ಹಿಂದೆ ಏನು ಬದಲಾಯಿತೆಂಬುದು ಅದಕ್ಕೆ ತಿಳಿಯದು. 3.69ನ್ನು ತೆಗೆದು 3.07ನ್ನು ಹಾಕಿದರೆ ಗಾಡಿ ನೂರರ ವೇಗದಲ್ಲಿ ಓಡುವಾಗ ಮುಳ್ಳು 83ನ್ನು ತೋರಿಸುತ್ತದೆ. ದೂರದ ಅಂಕಿಯೂ ಅಷ್ಟೇ ಕಡಿಮೆ ಬೀಳುತ್ತದೆ. ಹೀಗೆ ಗಾಡಿಯು ತನ್ನ ಯಜಮಾನನಿಗೂ, ಮುಂದೆ ಅದನ್ನು ಕೊಳ್ಳುವವನಿಗೂ ಸುಳ್ಳು ಹೇಳತೊಡಗುತ್ತದೆ. ಹೊಸ ಅನುಪಾತಕ್ಕೆ ತಕ್ಕ ವೇಗಮಾಪಕವನ್ನು ಹಾಕಿಸುವುದು ಖರ್ಚಿನ ಬಾಬತ್ತಾದರೂ ಧರ್ಮದ ಬಾಬತ್ತೂ ಹೌದು.

ಮಿತ್ರರಿಗೆ ಇದನ್ನೆಲ್ಲ ಬರೆದು, ಅವರು ದಿನವೂ ಹತ್ತುವ ಬೆಟ್ಟದ ದಾರಿಯನ್ನು ನೆನಪಿಸಿದೆ. ಅವರು 3.07ನ್ನು ಬಿಟ್ಟು 3.46ನ್ನು ಆರಿಸಿಕೊಂಡರು. ಗದ್ದಲ ಸ್ವಲ್ಪ ತಗ್ಗಿದೆ, ಏರಿನಲ್ಲಿ ಗಾಡಿ ಸೋತಿಲ್ಲವೆಂದು ಉತ್ತರ ಬಂದಿದೆ. ಬಯಲಿನಲ್ಲಿಯೇ ಓಡಾಡುವವನಾದರೆ 3.07 ಅವನಿಗೆ ತಕ್ಕುದಾದೀತು. ಘಟ್ಟದ ಸೀಮೆಯವನು 3.69ನ್ನು ಮುಟ್ಟದಿರುವುದೇ ಲೇಸು. ಹಲ್ಲುಚಕ್ರವು ಶಕ್ತಿಯನ್ನು ಸೃಷ್ಟಿಸಲಾರದು. ವೇಗವನ್ನು ಬಲಕ್ಕೂ ಬಲವನ್ನು ವೇಗಕ್ಕೂ ವಿನಿಮಯ ಮಾಡಿಕೊಡುತ್ತದೆ, ಅಷ್ಟೆ. ತನಗೆ ಯಾವುದು ಬೇಕು, ಅದಕ್ಕಾಗಿ ಏನನ್ನು ಬಿಟ್ಟುಕೊಡಲು ಸಿದ್ಧ ಎಂಬುದನ್ನು ಸ್ಪ್ಯಾನರು ಹಿಡಿಯುವ ಮೊದಲೇ ನಿಶ್ಚಯಿಸಿಕೊಂಡವನಿಗೆ ಹಳೆಯ ಗಾಡಿ ಇನ್ನೂ ಬಹುಕಾಲ ಸೇವೆ ಸಲ್ಲಿಸುತ್ತದೆ.