ಕನಿಕರ ಸಾಲದು, ಕಲಿಕೆ ಬೇಕು

ನಮ್ಮವರ ಮನೆಗಳಲ್ಲಿ ಮಕ್ಕಳು ಹತ್ತನೆಯ ತರಗತಿ ದಾಟಿದರೆಂದರೆ ಮಾತೆಲ್ಲ ಎರಡೇ ದಾರಿಗಳದು: ಒಂದು ಎಂಜಿನಿಯರಿಂಗ್, ಇನ್ನೊಂದು ಡಾಕ್ಟರಿಕೆ. ನಾವೂ ಇದಕ್ಕೆ ಹೊರತಾಗಿರಲಿಲ್ಲ. ಹೋದ ವರ್ಷ ಒಂದು ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಮಗಳು, "ಅಪ್ಪಾ, ಮಾತು ಬಾರದ ಮಕ್ಕಳಿಗೆ ಮಾತು ಕಲಿಸುತ್ತಾರಲ್ಲ, ಆ ವಿದ್ಯೆ ಓದುತ್ತೇನೆ" ಎಂದಳು. ಸಾರು ಬಡಿಸುತ್ತಿದ್ದ ಸೌಟು ಅಲ್ಲಿಯೇ ನಿಂತಿತು. "ಪುಣ್ಯದ ಕೆಲಸವೇ ಸರಿ ತಾಯಿ, ಆದರೆ ಹೊಟ್ಟೆಪಾಡು?" ಎಂದೆವು.

"ಪುಣ್ಯಕ್ಕಲ್ಲಪ್ಪಾ, ಉದ್ಯೋಗಕ್ಕೇ. ಚಿಕ್ಕಪ್ಪನ ಮನೆಯಲ್ಲಿ ಏನಾಯಿತು, ಮರೆತಿರಾ?" ಎಂದಳು.

ಮರೆಯುವುದೆಲ್ಲಿ ಬಂತು! ನೋಯ್ಡಾದಲ್ಲಿರುವ ನಮ್ಮ ತಮ್ಮನ ಮಗನಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. "ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ, ಮಗುವಿಗೆ ಗೊಂದಲವಾಗಿದೆ, ಕನ್ನಡ ಬಿಡಿ" ಎಂದು ತಿಳಿದವರೆನಿಸಿಕೊಂಡ ಒಬ್ಬರು ಹೇಳಿದರು. ಎಲ್ಲರೂ ನಂಬಿದೆವು. ಹಿಂದಿ ಬಾರದ ನಮ್ಮ ತಾಯಿ ಮೊಮ್ಮಗನೆದುರು ವರ್ಷವಿಡೀ ಬಾಯಿ ಮುಚ್ಚಿ ಕುಳಿತರು. ಬಂದವರೆಲ್ಲ ಅಯ್ಯೋ ಪಾಪ ಎಂದರು, ಹರಕೆ ಹೊರಲು ಹೇಳಿದರು. ಕಿವಿ ಪರೀಕ್ಷೆ ಮಾಡಿಸಿರೆಂದು ಮಾತ್ರ ಯಾರೂ ಹೇಳಲಿಲ್ಲ.

ಕಡೆಗೆ ಈ ವಿದ್ಯೆಯನ್ನೇ ಓದಿದ ಒಬ್ಬ ಹೆಣ್ಣುಮಗಳು ಪರೀಕ್ಷಿಸಿದಾಗ ಮಗುವಿಗೆ ಕಿವಿ ಮಂದವೆಂದು ತಿಳಿಯಿತು. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಾತು ತಡವಾಗದೆಂದೂ, ನಿಮಗೆ ಸಲೀಸಾದ ಮನೆಮಾತಿನಲ್ಲೇ ಧಾರಾಳವಾಗಿ ಮಾತಾಡಿಸಿರೆಂದೂ ಆಕೆ ಹೇಳಿದರು. ಶ್ರವಣಯಂತ್ರ ಬಂತು, ನಮ್ಮ ತಾಯಿಯ ಬಾಯಿಗೆ ಹಾಕಿದ್ದ ಬೀಗವೂ ಕಳಚಿತು. ಆದರೆ ಕಳೆದ ಆ ಒಂದು ವರ್ಷ ಮಾತ್ರ ಮರಳಿ ಬರಲಿಲ್ಲ. ನಮ್ಮ ಕನಿಕರಕ್ಕೆ ಕೊರತೆ ಇರಲಿಲ್ಲ, ಇಲ್ಲದ್ದು ತಿಳಿವಳಿಕೆ.

ಮಗಳ ಮಾತಿನಿಂದ ನಾವು ವಿಚಾರಿಸತೊಡಗಿದೆವು. ತಿಳಿದದ್ದನ್ನು ಇಲ್ಲಿ ಬರೆದರೆ ಇತರ ತಾಯಿತಂದೆಗಳಿಗೂ ಉಪಯೋಗವಾದೀತು.

ಮಾತು ಮತ್ತು ಶ್ರವಣ ವಿದ್ಯೆಗೆ ದೇಶದಲ್ಲಿಯೇ ಹೆಸರಾದದ್ದು ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಅದು 1965ರಲ್ಲಿ ಸ್ಥಾಪನೆಯಾಯಿತು. ವಿಜ್ಞಾನ ಓದಿ ಹನ್ನೆರಡನೆಯ ತರಗತಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಅಲ್ಲಿ ಪದವಿಗೆ ಸೇರಬಹುದು. ಒಟ್ಟು ನಾಲ್ಕು ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಪ್ರತ್ಯಕ್ಷ ಕೆಲಸದ ತರಬೇತಿ.

ದಿಲ್ಲಿಯಲ್ಲೇ ಇದ್ದು ಓದುವವರಿಗೂ ದಾರಿಗಳುಂಟು. ಐ.ಟಿ.ಓ. ಬಳಿ ವಿಷ್ಣು ದಿಗಂಬರ ಮಾರ್ಗದಲ್ಲಿ ಪಂಡಿತ ದೀನದಯಾಳ ಉಪಾಧ್ಯಾಯ ರಾಷ್ಟ್ರೀಯ ಸಂಸ್ಥೆ ಇದೆ. ಫಿಸಿಯೋಥೆರಪಿ, ಕೃತಕ ಕೈಕಾಲು ತಯಾರಿಸಿ ಜೋಡಿಸುವ ವಿದ್ಯೆ, ಉಡುವುದು ಉಣ್ಣುವುದು ಮೊದಲಾದ ನಿತ್ಯದ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುವಂತೆ ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿ, ಇವನ್ನೆಲ್ಲ ಅಲ್ಲಿ ಕಲಿಸುತ್ತಾರೆ. ಜಾಮಿಯಾ ಮಿಲ್ಲಿಯಾದಲ್ಲಿ ವಿಶೇಷ ಶಿಕ್ಷಣದ ಬಿ.ಎಡ್. ಉಂಟು. 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾಭಾಷಾ ಕೇಂದ್ರದಲ್ಲಿ ಕೈಸನ್ನೆಯ ಭಾಷೆಗೆ ದುಭಾಷಿಗಳನ್ನು ತಯಾರು ಮಾಡುತ್ತಾರೆ.

ಇನ್ನು ಹೊಟ್ಟೆಪಾಡು. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. 2016ರ ಕಾಯಿದೆ 21ನ್ನು ಹೆಸರಿಸಿದೆ. ಸರ್ವೋಚ್ಚ ನ್ಯಾಯಾಲಯದ 2021ರ ತೀರ್ಪಿನ ಬಳಿಕ ಕೇಂದ್ರ ಸರ್ಕಾರ 2022ರಲ್ಲಿ ಒಂದು ಲೆಕ್ಕ ಗೊತ್ತುಮಾಡಿತು: ಇಂಥ ಮಕ್ಕಳು ಪ್ರಾಥಮಿಕದಲ್ಲಿ 10 ಮಂದಿಗೆ, ಮೇಲಿನ ತರಗತಿಗಳಲ್ಲಿ 15 ಮಂದಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು. ಅದರಂತೆ ಹುದ್ದೆಗಳನ್ನು ತುಂಬಿರೆಂದು ನ್ಯಾಯಾಲಯ 2025ರಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಕೆಲಸಕ್ಕೆ ಜನ ಸಾಲದಿರುವುದು ಇದರಿಂದಲೇ ತಿಳಿಯುತ್ತದೆ.

ಒಂದು ಎಚ್ಚರಿಕೆಯ ಮಾತು. ವಿಶೇಷ ಶಿಕ್ಷಣ, ಮಾತು ಮತ್ತು ಶ್ರವಣ, ಕೃತಕ ಅಂಗ, ಈ ವಿದ್ಯೆಗಳಿಗೆ 1992ರ ಕಾಯಿದೆಯಿಂದಾದ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಬೇಕು. ಓದಿದವರ ಹೆಸರು ಅದರ ಪಟ್ಟಿಯಲ್ಲಿ ದಾಖಲಾಗಬೇಕು. ಫೀಜು ಕಟ್ಟುವ ಮೊದಲೇ ಇದನ್ನು ನೋಡಿಕೊಳ್ಳುವುದು ಮೇಲು.

ಇನ್ನೊಂದು ಮಾತು. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಕಟ್ಟಿದ ಎನ್. ಎಸ್. ಹೇಮಾ ಅವರು ಸ್ವತಃ ಪೋಲಿಯೊಗೆ ತುತ್ತಾದವರು. ಅಂಗವಿಕಲರೆಂದರೆ ಬರಿಯ ಕೈಚಾಚುವವರೆಂದು ತಿಳಿದು ಈ ವಿದ್ಯೆಗೆ ಹೋಗುವವರು ಹೋಗದಿರುವುದೇ ಲೇಸು. ಅವರ ಬದುಕಿಗೆ ಅವರೇ ಯಜಮಾನರು, ಕಲಿತವರು ಜೊತೆಗಾರರು.

ಈ ವರ್ಷ ನಮ್ಮ ಮಗಳು ಮೈಸೂರಿನ ಪರೀಕ್ಷೆಗೆ ಕೂರುತ್ತಾಳೆ. ಸೀಟು ಸಿಕ್ಕೀತೋ ಇಲ್ಲವೋ, ಸಂಬಳ ಎಷ್ಟಾದೀತೋ ಎಂಬ ಚಿಂತೆ ನಮ್ಮನ್ನು ಪೂರಾ ಬಿಟ್ಟಿಲ್ಲ. ನಮ್ಮ ತಾಯಿಗೆ ಮಾತ್ರ ಯಾವ ಚಿಂತೆಯೂ ಇಲ್ಲ. "ಹೋಗಲಿ ಬಿಡೋ, ಅಲ್ಲಿ ನಾಲ್ಕು ವರ್ಷ ಇದ್ದರೆ ಇವಳ ಕನ್ನಡವೂ ಸರಿಹೋದೀತು" ಎನ್ನುತ್ತಾರೆ. ಮಗ್ಗುಲಲ್ಲಿ ಕುಳಿತ ಮೊಮ್ಮಗ, "ಅಜ್ಜೀ, ಕಥೆ" ಎಂದು ಸೆರಗು ಜಗ್ಗುತ್ತಾನೆ.