ಕರಾವಳಿಯ ಮನೆಬಾವಿ: ತೋಡುವ ಕ್ರಮ, ಅದರ ವಿಪತ್ತು

ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಒಂದು ಮನೆ ಕಟ್ಟಿಸಬೇಕೆಂಬ ಹಂಬಲವುಂಟು. ದಕ್ಷಿಣ ಕನ್ನಡ, ಉಡುಪಿಗಳ ಕಡೆಯವರಾದರೆ, ತಳಪಾಯಕ್ಕೂ ಮೊದಲು ಏಳುವ ಪ್ರಶ್ನೆ ಬಾವಿಯದು. ತೋಡಿಸುವವನು ದೂರದ ನಗರದಲ್ಲಿರುತ್ತಾನೆ. ತೋಡುವವನು ಪ್ರಾಣವನ್ನು ಪಣವಾಗಿಟ್ಟು ಕೆಳಗಿಳಿಯುತ್ತಾನೆ. ಆದುದರಿಂದ ಈ ಕೆಲಸದ ಮರ್ಮವು ಹಣ ಕಳುಹಿಸುವವನಿಗೂ ಅಷ್ಟಿಷ್ಟು ತಿಳಿದಿರುವುದು ಅವಶ್ಯ.

ನೀರಿನ ನೆಲೆಯನ್ನು ಗುರುತಿಸುವ ವಿದ್ಯೆ ನಮ್ಮಲ್ಲಿ ಪ್ರಾಚೀನವಾದುದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ, ಕನ್ನಡದಲ್ಲಿ ಕ್ರಿ.ಶ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ವೂ ಈ ವಿಷಯವನ್ನು ಎತ್ತಿಕೊಂಡಿದೆ. ಮರ, ಹುತ್ತ, ಮಣ್ಣಿನ ಬಣ್ಣಗಳಿಂದ ಜಲವನ್ನು ಊಹಿಸುವ ಈ ಕ್ರಮದಲ್ಲಿ ಅವಲೋಕನದ ಅಂಶ ಇಲ್ಲದೆ ಇಲ್ಲ. ಅಂಗೈಯ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುವುದನ್ನು ನಂಬುವವರು ನಂಬಲಿ. ನೆರೆಮನೆಯ ಬಾವಿಯಲ್ಲಿ ಮೇ ತಿಂಗಳಿನಲ್ಲಿ ಎಷ್ಟು ನೀರಿದೆಯೆಂಬುದು ಅದಕ್ಕಿಂತ ಬಲವಾದ ಸಾಕ್ಷ್ಯವೆಂದು ನನ್ನ ಮತ.

ಕರಾವಳಿಯ ನೆಲದ ವಿಶೇಷವೆಂದರೆ ಜಂಬಿಟ್ಟಿಗೆ, ಅಲ್ಲಿಯವರ ಮಾತಿನಲ್ಲಿ ಮುರಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ, ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ನೆಲದೊಳಗಿರುವಾಗ ಪಿಕಾಸಿಗೆ ಬಗ್ಗುವ ಈ ಕಲ್ಲು ಗಾಳಿ ಬಿಸಿಲುಗಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಹೀಗಾಗಿ ತೋಡಿದ ಗೋಡೆ ಬಹುಮಟ್ಟಿಗೆ ತಾನೇ ನಿಲ್ಲುತ್ತದೆ. ಕಲ್ಲಿನ ತುಂಬ ರಂಧ್ರಗಳಿರುವುದರಿಂದ ಮಳೆನೀರು ಬೇಗನೆ ಇಳಿಯುತ್ತದೆ. ಕೆಳಗಿನ ಜೇಡಿಯ ಪದರದ ಮೇಲೆ ತಂಗುತ್ತದೆ. ಆದರೆ ಅಷ್ಟೇ ಬೇಗನೆ ಪಕ್ಕದ ಇಳಿಜಾರಿಗೆ ಹರಿದೂ ಹೋಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಏಪ್ರಿಲ್ ಬರುವಾಗ ಬಾವಿ ಬತ್ತುವ ವಿಪರ್ಯಾಸಕ್ಕೆ ಇದೊಂದು ಮುಖ್ಯ ಕಾರಣ. ನೀರು ತೀರ ಕೆಳಗಿಳಿದಿರುವ ಕಡುಬೇಸಗೆಯಲ್ಲಿಯೇ ತೋಡಬೇಕೆಂಬ ರೂಢಿಯೂ ಇದರಿಂದಲೇ ಬಂದುದು.

ಲೆಕ್ಕದವನಾದ ನನಗೆ ಇಲ್ಲಿ ಸ್ವಲ್ಪ ಅಂಕಿಗಳನ್ನು ಕೊಡುವ ಚಪಲ. 10 ಅಡಿ ವ್ಯಾಸ, 40 ಅಡಿ ಆಳದ ಬಾವಿಯಿಂದ ಸುಮಾರು 3,140 ಘನ ಅಡಿ ಕಲ್ಲು ಮಣ್ಣು ಹೊರಬರಬೇಕು. ಅಷ್ಟನ್ನೂ ಇಬ್ಬರು ಮೂವರು ಅಗೆದು, ಬುಟ್ಟಿಗೆ ತುಂಬಿ, ರಾಟೆಯ ಹಗ್ಗದಿಂದ ಮೇಲೆತ್ತುತ್ತಾರೆ. ಅಂಥ ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 2,200 ಲೀಟರು. ಐದು ಜನರ ಮನೆಗೆ ತಲೆಗೆ ದಿನಕ್ಕೆ 135 ಲೀಟರಿನಂತೆ ಮೂರು ದಿನಕ್ಕೆ ಸಾಕು. ಬಾವಿ ದುಂಡಗಿರುವುದು ಅಂದಕ್ಕಲ್ಲ. ಸುತ್ತಲಿನ ಮಣ್ಣು ಒಳಕ್ಕೆ ಒತ್ತಿದಾಗ ದುಂಡುಗೋಡೆಯ ಕಲ್ಲುಗಳು ಒಂದನ್ನೊಂದು ಬಿಗಿಹಿಡಿಯುತ್ತವೆ. ಮುರಕಲ್ಲು ಮುಗಿದು ಶೇಡಿಮಣ್ಣು ಕಾಣಿಸಿಕೊಂಡಲ್ಲಿ ಈ ಆಸರೆ ಅನಿವಾರ್ಯ: ಒದ್ದೆಯಾದ ಜೇಡಿ ಎಚ್ಚರಿಕೆ ಕೊಡದೆ ಕುಸಿಯುತ್ತದೆ. ಅಲ್ಲಿ ಕಲ್ಲು ಕಟ್ಟದೆ ಅಥವಾ ಕಾಂಕ್ರೀಟು ಬಳೆ ಇಳಿಸದೆ ಮುಂದುವರಿಯುವುದು ಅವಿವೇಕ.

ಕುಸಿತ ಕಣ್ಣಿಗೆ ಕಾಣುವ ಶತ್ರು. ಗಾಳಿ ಕಾಣದ ಶತ್ರು. ಆಳವಾದ ಗುಂಡಿಯ ತಳದಲ್ಲಿ ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡು ತಂಗಬಹುದು. ಆಮ್ಲಜನಕ ಕಡಮೆಯಾದಲ್ಲಿ ಇಳಿದವನು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ. ದೀಪವನ್ನು ಇಳಿಬಿಟ್ಟು ಪರೀಕ್ಷಿಸುವ ವಾಡಿಕೆಯೊಂದಿದೆ. ದೀಪ ಆರಿದರೆ ಇಳಿಯಬಾರದು, ಸರಿ. ಆರದಿದ್ದರೆ ಕ್ಷೇಮವೆಂದು ಮಾತ್ರ ತಿಳಿಯಬಾರದು, ಏಕೆಂದರೆ ಎಲ್ಲ ವಿಷಾನಿಲಗಳನ್ನೂ ದೀಪ ತೋರಿಸಲಾರದು. ಹಗ್ಗಕ್ಕೆ ಸೊಪ್ಪಿನ ಕಟ್ಟನ್ನು ಬಿಗಿದು ಮೇಲೆ ಕೆಳಗೆ ಆಡಿಸಿ ಗಾಳಿ ಕದಡುವುದು ಹಳೆಯ ಉಪಾಯ; ಯಂತ್ರದಿಂದ ಗಾಳಿ ಊದಿಸುವುದು ಅದಕ್ಕಿಂತ ಮೇಲು. ಎಣ್ಣೆಯಿಂದ ನಡೆಯುವ ಪಂಪನ್ನು ಬಾವಿಯೊಳಗೆ ಇಳಿಸಲೇಬಾರದು. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡು ಇರುತ್ತದೆ. ಒಬ್ಬನು ಬಿದ್ದನೆಂದು ಅಣ್ಣನೋ ತಮ್ಮನೋ ಹಿಂದೆಯೇ ಇಳಿದು ಒಂದಕ್ಕೆ ಎರಡು ಸಾವಾದ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಇಳಿಯುವವನ ಸೊಂಟಕ್ಕೆ ಹಗ್ಗವಿದ್ದು, ಅದನ್ನು ಎಳೆಯಬಲ್ಲವರು ಮೇಲಿದ್ದರೆ ಎರಡನೆಯವನು ಇಳಿಯುವ ಪ್ರಸಂಗವೇ ಬಾರದು. ಕೂಲಿಯ ದರವನ್ನು ಚೌಕಾಶಿ ಮಾಡುವ ಮಾಲಿಕನು ಈ ಹಗ್ಗಕ್ಕೂ ಆ ಇಬ್ಬರು ಆಳುಗಳಿಗೂ ತಾನೇ ಹಣ ಕೊಡುವೆನೆಂದು ಮೊದಲೇ ಹೇಳಬೇಕು. ಹೂಳೆತ್ತಿಸುವಾಗಲೂ ಇದೇ ನಿಯಮ. ಹಳೆಯ ಬಾವಿಯಲ್ಲಿ ಕೊಳೆತ ಎಲೆಗಳ ಅನಿಲವೂ ಸೇರಿಕೊಂಡಿರುತ್ತದೆ.

ಸ್ಥಳದ ಬಗೆಗೆ ಇನ್ನೊಂದು ಮಾತು. ಮಳೆನೀರನ್ನು ಬೇಗ ಇಳಿಸುವ ಮುರಕಲ್ಲು ಶೌಚಗುಂಡಿಯ ನೀರನ್ನೂ ಅಷ್ಟೇ ಬೇಗ ಸಾಗಿಸುತ್ತದೆ. ಎರಡರ ನಡುವೆ 50 ಅಡಿ ಇರಬೇಕೆಂಬುದು ಸಾಮಾನ್ಯವಾಗಿ ಹೇಳುವ ಅಂತರ. ಈ ನೆಲದಲ್ಲಿ ಅದಕ್ಕಿಂತ ಹೆಚ್ಚಿರುವುದು ಒಳಿತು, ಗುಂಡಿ ಇಳಿಜಾರಿನ ಕೆಳಬದಿಗೇ ಇರಬೇಕು. ನಿವೇಶನ ಚಿಕ್ಕದಾಗಿದ್ದರೆ ನಕ್ಷೆಯಲ್ಲಿ ಮೊದಲು ಬಾವಿಯನ್ನು ಗುರುತಿಸಿ, ಮನೆಯನ್ನು ಅನಂತರ ಬರೆಯಿಸುವುದು ಲೇಸು.