ಬೆಲೆ ಕಟ್ಟುವ ನುಡಿಗಳು

ಹನುಮಂತನಗರದಲ್ಲಿ ನಮಗೆ ಆಪ್ತರಾದ ಭಕ್ತರೊಬ್ಬರ ಮನೆಗೆ ಈಚೆಗೆ ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ತರುಣ ಪಂಕ್ತಿಗೆ ಬರಲಿಲ್ಲ. ಕಚೇರಿಯ ‘ಅಪ್ರೈಸಲ್’ನಲ್ಲಿ ಅವನಿಗೆ ಕೆಳದರ್ಜೆ ಬಂದಿತ್ತಂತೆ. “ಶಾಸ್ತ್ರಿಗಳೇ, ಹಾಗೆಂದರೇನು? ಮೊಮ್ಮಗ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ” ಎಂದು ಅಜ್ಜಿ ಕೇಳಿದರು. ಅಂದು ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿದ್ದೇವೆ.

ಆ ಪದದ ಮೂಲ ಲ್ಯಾಟಿನ್ನಿನ ‘ಪ್ರೆಟಿಯಂ’, ಅಂದರೆ ಬೆಲೆ. ಬೆಲೆಯನ್ನು ಹೇಳುವ ‘ಪ್ರೈಸ್’, ಹೊಗಳಿಕೆಯನ್ನು ಹೇಳುವ ‘ಪ್ರೇಸ್’, ಅಮೂಲ್ಯವೆನ್ನುವ ‘ಪ್ರೆಷಸ್’ ಇವೆಲ್ಲ ಆ ಬೇರಿನ ಚಿಗುರುಗಳೇ. ಅಂದಾಜಿನ ‘ಎಸ್ಟಿಮೇಟ್’, ಆದರದ ‘ಎಸ್ಟೀಮ್’ ಕೂಡ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. ‘ವ್ಯಾಲ್ಯೂ’ ಮಾತ್ರ ಬೇರೆ ಕುಲದ್ದು. ಅದರ ಮೂಲವಾದ ‘ವಲೇರೆ’ಗೆ ಬಲವಾಗಿರು, ಸ್ವಸ್ಥವಾಗಿರು ಎಂದರ್ಥ. ಅಲ್ಲಿ ಪೇಟೆಯ ಮಾತಿಲ್ಲ.

ನಮ್ಮಲ್ಲಿಯೂ ಈ ಭೇದವುಂಟು. ‘ಬೆಲೆ’ಯ ಸೋದರಪದ ತಮಿಳಿನ ‘ವಿಲೈ’; ಅಲ್ಲಿ ‘ವಿಲ್’ ಎಂದರೆ ಮಾರು. ‘ಮೂಲ್ಯ’ಕ್ಕೆ ಆಧಾರ ‘ಮೂಲ’, ಎಂದರೆ ಬೇರು. ‘ಗೌರವ’ವಾದರೋ ‘ಗುರು’ವಿನಿಂದ ಬಂದುದು, ಗುರು ಎಂದರೆ ಭಾರವಾದುದು, ಲಘು ಅದರ ವಿರುದ್ಧ. ತೂಕದ ಮನುಷ್ಯ, ಹಗುರ ಮಾತು ಎಂದು ಜನ ಇಂದಿಗೂ ಆಡುತ್ತಾರೆ.

ಪರೀಕ್ಷೆಯೇ ಬೇಡವೆಂದು ನಾವು ಹೇಳುವುದಿಲ್ಲ. ಕಾಯಕದಲ್ಲಿ ಕುಂದಿದ್ದರೆ ತಿದ್ದಿಕೊಳ್ಳಬೇಕು. ಆದರೆ ಅಕ್ಕಸಾಲಿಗನ ಒರೆಗಲ್ಲು ಚಿನ್ನದ ಶುದ್ಧಿಯನ್ನು ತೋರುತ್ತದೆಯೇ ಹೊರತು ಚಿನ್ನವನ್ನು ಮಾಡುವುದಿಲ್ಲ. ಕಚೇರಿ ಅಳೆದದ್ದು ಒಂದು ವರ್ಷದ ಕೆಲಸವನ್ನು, ಮನುಷ್ಯನನ್ನಲ್ಲ.

12ನೆಯ ಶತಮಾನದ ಶರಣರು ಈ ವಿವೇಕವನ್ನು ಬಾಳಿ ತೋರಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರ ಕಾಯಕವೇ ಹೆಸರಿನೊಡನೆ ಸೇರಿ ಪೂಜ್ಯವಾಯಿತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಮರಳಿ ಕಳುಹಿಸಿದ ಕಥೆ ಮನೆಮನೆಗೆ ತಿಳಿದದ್ದೇ. ಹೆಚ್ಚು ತಂದವನೇ ಹೆಚ್ಚಿನವನೆಂದು ಆ ತಾಯಿ ಎಣಿಸಲಿಲ್ಲ.

ತರುಣ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳುತ್ತಿದ್ದ. “ಅಜ್ಜಿ, ನನಗೂ ಎಲೆ ಹಾಕು” ಎಂದು ಬಂದು ಕುಳಿತ.

ತಾಯಿತಂದೆಗಳಲ್ಲಿ ನಮ್ಮದೊಂದು ವಿನಂತಿ. ಸಂಬಂಧ ನೋಡುವಾಗ “ಸಂಬಳವೆಷ್ಟು?” ಎಂಬುದೇ ನಮ್ಮ ಮೊದಲ ಪ್ರಶ್ನೆಯಾಗಿದೆ. ಮಕ್ಕಳಿಗೆ ಮೊದಲು ಬೆಲೆ ಕಟ್ಟುವವರು ನಾವೇ ಆದರೆ, ಕಚೇರಿಯನ್ನು ದೂರಿ ಫಲವೇನು?